ತವರಿನ ತುತ್ತು

ಜೂನ್ 3, 1957. ಸೋಮವಾರ

ಇವತ್ತೂ ಸೋತು ಬಂದೆ. ಸೀತಾಬರ್ಡಿಯ ಬಳೆಯಂಗಡಿಯಲ್ಲಿ ಹಸಿರು ಬಳೆ ಕೇಳಬೇಕಿತ್ತು. "ನೀನ ಕೇಳು, ಒಮ್ಮೆರ ಬಾಯಿ ಬಿಚ್ಚು" ಎಂದು ಅಕ್ಕ ನನ್ನನ್ನು ಮುಂದೆ ದೂಡಿದಳು. ಮರಾಠಿಯ ಮೂರು ಶಬ್ದಗಳನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಅಂಗಡಿಯವನು ತಲೆ ಎತ್ತಿ "ಕಾಯ್ ಪಾಹಿಜೆ?", ಏನು ಬೇಕು, ಎಂದದ್ದೇ ತಡ, ಮೂರೂ ಮರೆತವು. ಅವನು ನೀಲಿ ಬಳೆ ಹಿಡಿದ, ನಾನು ತಲೆಯಾಡಿಸಿದೆ. ಅಕ್ಕ ಹಣೆ ಬಡಿದುಕೊಂಡು ತಾನೇ ಹಸಿರು ಕೇಳಿ ತೆಗೆದುಕೊಂಡಳು. ಏಳು ತಿಂಗಳ ಬಸುರಿ, ಸುಡುವ ಬಿಸಿಲಲ್ಲಿ ನನಗಾಗಿ ಜಗಳವಾಡಿದಳು.

ಧಾರವಾಡದಿಂದ ಅಪ್ಪ ನನ್ನನ್ನು ಕಳಿಸಿದ್ದು ಅಕ್ಕನಿಗೆ ಆಸರೆಯಾಗಲೆಂದು. ಅವ್ವ ಇಲ್ಲ. ತವರಿನ ಹೆಣ್ಣು ಒಬ್ಬಳಾದರೂ ಜೊತೆಗಿರಬೇಕಲ್ಲ. ಬಿ.ಎ. ಮುಗಿಸಿ ಹಳಗನ್ನಡದ ಪುಸ್ತಕ ಹಿಡಿದು ಮೂಲೆಯಲ್ಲಿ ಕೂರುವವಳು ಇಲ್ಲಿ ಬಂದೂ ಮೂಲೆಯನ್ನೇ ಹುಡುಕಿಕೊಂಡಿದ್ದೇನೆ. ಅಕ್ಕನಿಗೆ ಹಿಂದೆ ಎರಡು ಬಸಿರು ನಾಲ್ಕು ತಿಂಗಳೂ ದಾಟಲಿಲ್ಲ. ಇದು ಏಳಕ್ಕೆ ಬಂದಿದೆ. ಹದಿನಾಲ್ಕಕ್ಕೆ, ಶುಕ್ರವಾರ, ಕುಬಸ, ಏಳನೆಯ ತಿಂಗಳ ಸೀಮಂತ. ಇಪ್ಪತ್ನಾಲ್ಕಕ್ಕೆ ಅಕ್ಕನನ್ನು ಹೆರಿಗೆಗೆ ಧಾರವಾಡಕ್ಕೆ ಕರೆದುಕೊಂಡು ಹೋಗಬೇಕು.

ಭಾವ ಗೂಡ್ಸ್ ಗಾಡಿಯ ಗಾರ್ಡ್. ಊಟಕ್ಕೆ ಕೂತವರು ಹೊಸ ಸುದ್ದಿ ಹೇಳಿದರು. ನಾವಿರುವ ಅಜನಿಯ ರೇಲ್ವೆ ದವಾಖಾನೆಯಲ್ಲಿ ಹೆಸರು ಬರೆಯುವ ಗುಮಾಸ್ತನೇ ಜ್ವರ ಬಂದು ಮಲಗಿದ್ದಾನಂತೆ. "ನಮ್ಮ ನೀಲಾಂಬಿಕಾ ಬಿ.ಎ. ಆಗ್ಯಾಳ್ರಿ, ಅಕ್ಷರ ಮುತ್ತಿನಂಗ, ಅಂತ ಡಾಕ್ಟರಿಗೆ ಹೇಳಿ ಬಂದೇನಿ. ನಾಡಿದ್ದಿನಿಂದ ಹೋಗು." ನನ್ನನ್ನು ಕೇಳಲೂ ಇಲ್ಲ. ಬೇಡ ಎನ್ನಲು ನನಗೂ ಆಗಲಿಲ್ಲ.

ಜೂನ್ 5, ಬುಧವಾರ

ಕೇಳಬೇಕಾದದ್ದು ನಾಲ್ಕೇ ಮಾತು. ಹೆಸರು, ಕೆಲಸ, ಕ್ವಾರ್ಟರ್ ನಂಬರು, ಜ್ವರ ಎಂದಿನಿಂದ. ನಾನು ಕೇಳಿದ್ದು ಎದುರು ನಿಂತವರಿಗೆ ಮುಟ್ಟಲೇ ಇಲ್ಲ. ಮೂರನೆಯ ರೋಗಿಗೆ ಕಂಪೌಂಡರ್ ದತ್ತು ಔಷಧದ ಕಿಟಕಿಯಿಂದಲೇ ನನ್ನ ಪರವಾಗಿ ಒದರತೊಡಗಿದರು. ನಡುವಯಸ್ಸಿನ ಮನುಷ್ಯ, ಹತ್ತು ವರ್ಷ ಹುಬ್ಬಳ್ಳಿಯಲ್ಲಿದ್ದವರು, ಕನ್ನಡ ಬರುತ್ತದೆ. "ಬಾಯೀ, ನೀವು ಬರೀರಿ, ಗಂಟಲು ನಂದು" ಎಂದರು. ಎಲ್ಲರೂ ನಕ್ಕರು. ನಾನು ರಿಜಿಸ್ಟರಿನೊಳಗೆ ಮುಖ ಹುದುಗಿಸಿದೆ.

ಡಾಕ್ಟರ್ ಬೋಕರೆ ಬಿಡುವಿದ್ದಾಗ ವಿವರಿಸುತ್ತಾರೆ, ಯಾರೂ ಕೇಳದಿದ್ದರೂ. ನನಗೆ ತಿಳಿಯದ ಮರಾಠಿಯನ್ನು ದತ್ತು ಕನ್ನಡ ಮಾಡುತ್ತಾರೆ. ಇದು ಇನ್‌ಫ್ಲುಯೆಂಜಾ. ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲು ಹತ್ತಿ ನಮ್ಮ ಜಂಕ್ಷನ್ನಿನಲ್ಲಿ ಇಳಿದಿದೆ. ಮಾಡುವುದು ವೈರಸ್. ದವಾಖಾನೆಯ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದಿಲ್ಲ, ಪೆನಿಸಿಲಿನ್ನಿಗೆ ಸಾಯುವುದಿಲ್ಲ. ಮೂಗು ಗಂಟಲಿನಲ್ಲಿ ಮನೆ ಮಾಡುತ್ತದೆ. ಕೆಮ್ಮಿದರೆ ಹನಿಯಲ್ಲಿ ಹೊರಬೀಳುತ್ತದೆ, ಮಾತಾಡಿದರೂ ಸಾಕು. ಇನ್ನೊಬ್ಬರೊಳಗೆ ಹೊಕ್ಕ ಮೇಲೆ ಒಂದು ದಿನ, ಎರಡು ದಿನ, ಬಹಳವೆಂದರೆ ಮೂರು. ಆಮೇಲೆ ಜ್ವರ.

ಮಾತಾಡಿದರೂ ಸಾಕಂತೆ. ನನ್ನ ಮೌನಕ್ಕೂ ಒಂದು ಮರ್ಯಾದೆ ಸಿಕ್ಕಿತು ಎಂದುಕೊಂಡೆ.

ಜೂನ್ 8, ಶನಿವಾರ

ಬುಧವಾರ ಇಪ್ಪತ್ತಮೂರು ಹೆಸರು, ನಿನ್ನೆ ನಲವತ್ತು, ಇವತ್ತು ಅರವತ್ತೊಂದು. ಇಂಜಿನ್ ಶೆಡ್ಡಿನವರೇ ಹೆಚ್ಚು. ಬೆಂಚು ಸಾಲದೆ ಬೇವಿನ ಮರದ ಕೆಳಗೂ ಮಲಗಿದ್ದರು.

ಸಂಜೆ ನಮ್ಮ ಮನೆಯಲ್ಲಿ ಕನ್ನಡದ ಹೆಂಗಸರ ಸಭೆ. ಇಲ್ಲಿ ಕನ್ನಡದವರ ಮನೆ ಹತ್ತೇ, ಹೆಡ್ ಕ್ಲಾರ್ಕ್ ಶಂಕರಪ್ಪನವರ ಹೆಂಡತಿ ಮಹಾದೇವಮ್ಮ ಎಲ್ಲದಕ್ಕೂ ಯಜಮಾನಿ. ಕುಬಸಕ್ಕೆ ಉಡಿ ತುಂಬಿ ತುತ್ತು ಉಣ್ಣಿಸಲು ಐದು ಮಂದಿ ಮುತ್ತೈದೆಯರು ಬೇಕು. ನಾಲ್ವರು ಆದರು. ಐದನೆಯವಳಾಗಿ ಅಕ್ಕ ಯಲ್ಲಮ್ಮನ ಹೆಸರು ಹೇಳಿದಳು. ಯಲ್ಲಮ್ಮ ಇಂಜಿನ್ ಫೈರ್‌ಮನ್ ಭೀಮಪ್ಪನ ಹೆಂಡತಿ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಇಂಥ ಕಾರ್ಯಕ್ಕೆ ಆಕೆಯನ್ನು ಯಾರೂ ಕರೆದಿಲ್ಲ.

"ಎರಡು ಸಲ ಕಳಕೊಂಡೀ ಅನಸೂಯಾ. ಮೂರನೇದ್ದಕ್ಕ ಯಾಕ ಬೇಕ ಇಂಥಾದ್ದು?" ಎಂದರು ಮಹಾದೇವಮ್ಮ.

"ಆ ಎರಡೂ ಸಲ ನನ್ನ ಹಾಸಿಗಿ ಒಗದಾಕಿ ಯಲ್ಲಮ್ಮ. ನೀವೆಲ್ಲಾ ಬಾಗಲಾಗ ನಿಂತು ಹಳಹಳಿಸಿ ಹೋದ್ರಿ."

ಅಕ್ಕನಿಗೆ ಹೀಗೆ ಹೇಳಲು ಬರುತ್ತದೆ. ನಾನು ಚಹಾದ ಬಸಿ ಎತ್ತಿಕೊಂಡು ಒಳಗೆ ಹೋದೆ.

ಸಭೆ ಮುಗಿದ ಮೇಲೆ ಯಲ್ಲಮ್ಮನೇ ಬಂದಳು. ಅಕ್ಕ ಕುಬಸಕ್ಕೆ ಕರೆದದ್ದನ್ನು ಕೇಳಿದಳು. ನನ್ನ ಕಡೆ ತಿರುಗಿ, "ಏನಬೇ, ಬಿ.ಎ. ಪಾಸ್ ಮಾಡಿ ನಾಲಿಗಿ ಕಾಲೇಜಿನ್ಯಾಗ ಬಿಟ್ಟು ಬಂದೀಯೇನು? ಹಂಗ ನೋಡ್ತಿಯಲ್ಲ, ಏನರ ಅನ್ನು!" ಎಂದು ಗಟ್ಟಿಯಾಗಿ ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗೆಯ ನೀರಲ್ಲ ಎಂದು ನನಗೆ ಕಂಡಿತು.

ಜೂನ್ 12, ಬುಧವಾರ

ನೂರಾ ಎಂಟು ಹೆಸರು. ಇಬ್ಬರಿಗೆ ನ್ಯುಮೋನಿಯಾ. ಒಬ್ಬ ಗೇಟ್‌ಮನ್ನನ ತಾಯಿ ತೀರಿಕೊಂಡಳು.

ಡಾಕ್ಟರ್ ಇವತ್ತು ವಿವರಿಸುವ ಧಾಟಿಯಲ್ಲಿ ಮಾತಾಡಲಿಲ್ಲ. "ನಿಮ್ಮ ಅಕ್ಕ ಬಸುರಿ ಅಲ್ಲವೇ? ಜನ ಕೂಡುವ ಕಡೆ ಬಿಡಬೇಡಿ. ಬಸುರಿಯರಿಗೆ ಪುಪ್ಪುಸಕ್ಕೆ ಬೇಗ ಇಳಿಯುತ್ತದೆ, ಆಮೇಲೆ ತಾಯಿ ಮಗು ಇಬ್ಬರದೂ ಕಷ್ಟ" ಎಂದರು. ಅವರ ಮರಾಠಿ ಈಗ ಪೂರ್ತಿ ತಿಳಿಯುತ್ತದೆ. ತಿಳಿಯದಿದ್ದರೇ ಚೆನ್ನಾಗಿತ್ತು.

ಮನೆಗೆ ಬರುವಾಗ ಮಾತು ಜೋಡಿಸಿಕೊಂಡೆ: ಅಕ್ಕಾ, ಕುಬಸ ಮುಂದಕ್ಕೆ ಹಾಕೋಣ. ಮನೆಯಲ್ಲಿ ಐವರು ಹೆಂಗಸರು ಹೋಳಿಗೆಗೆ ಶೇಂಗಾ ಹುರಿಯುತ್ತಿದ್ದರು. ಅಕ್ಕ ನಡುವೆ ಕೂತು ನಗುತ್ತಿದ್ದಳು. ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಾಯಿ ತೆರೆದೆ. ಕೊನೆಗೆ ಮಹಾದೇವಮ್ಮನಿಗೆ ಮೆಲ್ಲಗೆ, "ಡಾಕ್ಟರ್ ಅಂದ್ರು..." ಎಂದೆ. "ಡಾಕ್ಟರಿಗೇನ ಗೊತ್ತ ತಂಗೆವ್ವಾ, ಏಳು ತಪ್ಪಿದ್ರ ಒಂಬತ್ತು. ಒಂಬತ್ತರಾಗ ಗಾಡಿ ಹತ್ತಾಕ ಆಗತೈತೇನು?" ಎಂದು ಹುರಿದ ಶೇಂಗಾ ನನ್ನ ಕೈಗಿಟ್ಟರು.

ತಿಂದೆ. ನಾಳೆ ಹೇಳಬೇಕು.

ಜೂನ್ 13, ಗುರುವಾರ

ಭೀಮಪ್ಪ ಬಂದಿದ್ದ. ನೂರಾ ಮೂರು ಡಿಗ್ರಿ. ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎಸೆಯುವ ತೋಳು ಮೇಜು ಹಿಡಿದುಕೊಂಡು ನಡುಗುತ್ತಿತ್ತು. ಮೂರು ದಿನ ಆಮ್ಲಾದ ಕಡೆ ಡ್ಯೂಟಿ ಮಾಡಿ, ಇಳಿದವನು ಮನೆಗೂ ಹೋಗದೆ ನೆಟ್ಟಗೆ ದವಾಖಾನೆಗೆ ಬಂದಿದ್ದಾನೆ. ಡಾಕ್ಟರ್ ಹಿಂದಿನ ವರಾಂಡದಲ್ಲಿ ಮಂಚ ಕೊಟ್ಟರು.

ನಾನು ಹೆಸರು ಬರೆದು ಮುಗಿಸಿದ ಮೇಲೆ ಅಂದ: "ತಂಗೀ, ನಮ್ಮಾಕಿಗೆ ಹೇಳಬ್ಯಾಡ. ಗಾಡಿ ತಡಾ ಐತಿ ಅನ್ನು. ನಾ ಬಿದ್ದೇನಿ ಅಂತ ಗೊತ್ತಾದ್ರ ಇಲ್ಲಿ ಬಂದು ಕುಂದರ್ತಾಳ. ನಾಳೆ ಆಕೀನ್ನ ಉಡಿ ತುಂಬಾಕ ಕರದಾರ. ಹನ್ನೊಂದು ವರ್ಷದಾಗ ಇದ ಮೊದಲ. ನಾ ಡ್ಯೂಟಿಗೆ ಹೊರಡೂ ಮುಂದನ ಸೀರಿ ಮಡಿಚಿ ದಿಂಬಿನ ಕೆಳಗ ಇಟಗೊಂಡಿದ್ಲು."

ತಲೆಯಾಡಿಸಿದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಭೀಮಪ್ಪನಿಗೆ ಜ್ವರವಿದ್ದರೆ ಯಲ್ಲಮ್ಮನಿಗೂ ತಗಲಿರಬಹುದಲ್ಲ? ಅವನು ಹೊರಟು ಮೂರು ದಿನವಾಯಿತು. ಲೆಕ್ಕ ಹಾಕಿದೆ, ಹರಿಯಲಿಲ್ಲ. ಡಾಕ್ಟರನ್ನು ಕೇಳೋಣವೆಂದರೆ ಅವರ ಸುತ್ತ ಹದಿನೈದು ಜನ. ಅಕ್ಕನಿಗೆ ಹೇಳಿದರೆ ಯಲ್ಲಮ್ಮನನ್ನು ಬಿಡಬೇಕಾಗುತ್ತದೆ. ಆ ಮುಖ ನೋಡುವುದು ನನ್ನಿಂದಾಗದು.

ಧೂಳಿಗೆ ಗಂಟಲು ಕೆರೆಯುತ್ತಿದೆ. ಮೈಯೆಲ್ಲ ನೋವು. ಇಡೀ ದಿನ ಬಗ್ಗಿ ಬರೆದರೆ ಇನ್ನೇನಾಗುತ್ತದೆ.

ಜೂನ್ 14, ಶುಕ್ರವಾರ

ಕುಬಸ ಆಯಿತು.

ಅಕ್ಕ ಹಸಿರು ಸೀರೆಯಲ್ಲಿ, ದಂಡೆ ಮುಡಿದು, ಮಣೆಯ ಮೇಲೆ ಕೂತಾಗ ಅವ್ವನ ಹಾಗೆಯೇ ಕಂಡಳು. ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ಭಾವ ನೀರು ಚಿಮುಕಿಸುತ್ತಲೇ ಇದ್ದರು, ಆದರೂ ಹದಿನೆಂಟು ಹೆಂಗಸರ ಉಸಿರಿಗೆ ಕೋಣೆ ಕುದಿಯುತ್ತಿತ್ತು. ಬಾಗಿಲು ಮುಚ್ಚಿದ್ದರು, ಹೊರಗೆ ಬಿಸಿಗಾಳಿ. "ತವರಿನ ತುತ್ತು ಮೊದಲ. ತಾಯಿ ಇಲ್ಲ, ತಂಗಿನ ತಾಯಿ" ಎಂದು ಮಹಾದೇವಮ್ಮ ನನ್ನನ್ನು ಮುಂದೆ ಕೂಡಿಸಿದರು. ನಾನು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಅಕ್ಕನ ಬಾಯಿಗಿಟ್ಟೆ. ಹಣೆಗೆ ಹಣೆ ಹಚ್ಚಿ, ಕಿವಿಯಲ್ಲಿ ಹರಕೆ ಹೇಳಬೇಕು. ಹೇಳಿದೆ. ಆಮೇಲೆ ಐವರು ಮುತ್ತೈದೆಯರು. ಅದೇ ತಾಟು, ಅದೇ ಹೋಳಿಗೆ. ಒಬ್ಬೊಬ್ಬರೂ ಬಾಗಿ ಮುಖದ ಹತ್ತಿರ ಮುಖ ತಂದರು. ತುತ್ತು ಬೇಡ ಅನ್ನಬಾರದು, ತಿರುಗಿ ಕೂರಬಾರದು.

ಯಲ್ಲಮ್ಮನ ಸರದಿ ಬಂತು. ಈಗ ಹೇಳು, ಈಗ ಹೇಳು. ಆಕೆ ಹೋಳಿಗೆ ಮುರಿದಳು. ತುತ್ತಿಟ್ಟು ಅಕ್ಕನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. "ಅಯ್ಯ, ಒದೀತು! ನನ್ನ ಒದೀತ ನೋಡ್ರೆ!" ಎಂದು ಕಿರುಚಿದಳು. ಎಲ್ಲರೂ ನಕ್ಕರು. ಮಹಾದೇವಮ್ಮ ನಗಲಿಲ್ಲ.

ಹೇಳಲಿಲ್ಲ ನಾನು.

ಜೂನ್ 15, ಶನಿವಾರ

ಎದ್ದೇಳಲಾಗಲಿಲ್ಲ. ಜ್ವರ ನೂರಾ ಒಂದು. ಅಕ್ಕನೇ ಗಂಜಿ ಕುಡಿಸಿದಳು. ಬೇಡವೆಂದೆ, ಕೇಳಲಿಲ್ಲ.

ಜೂನ್ 16, ಭಾನುವಾರ

ಮಧ್ಯಾಹ್ನ ಅಕ್ಕನಿಗೆ ಚಳಿ ಹತ್ತಿತು. ನೂರಾ ಹನ್ನೊಂದು ಡಿಗ್ರಿ ಬಿಸಿಲಿನಲ್ಲಿ ಎರಡು ರಗ್ಗು ಹೊದೆಸಿದೆ. ಸಂಜೆಗೆ ಜ್ವರ ನೂರಾ ಮೂರೂವರೆ.

ಜೂನ್ 18, ಮಂಗಳವಾರ

ನನ್ನದು ಬಿಟ್ಟಿತು. ಅಕ್ಕನದು ಬಿಡುತ್ತಿಲ್ಲ. ಕೆಮ್ಮಿದಾಗಲೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಾಳೆ.

ಕುಬಸಕ್ಕೆ ಬಂದವರಲ್ಲಿ ಆರು ಮಂದಿ ಮಲಗಿದ್ದಾರೆ. ಯಲ್ಲಮ್ಮನಿಗೆ ಇವತ್ತು ಬೆಳಿಗ್ಗೆ ಬಂದಿದೆ. ಭೀಮಪ್ಪ ಕುಬಸಕ್ಕೆ ಮೊದಲೇ ದವಾಖಾನೆಯಲ್ಲಿದ್ದ ಸುದ್ದಿ ಹೇಗೋ ಹೊರಬಿದ್ದು ನಳದ ಸಾಲಿಗೆ ತಲುಪಿದೆ. ಬಿಂದಿಗೆ ಹಿಡಿದು ನಿಂತಿದ್ದೆ. "ಗಂಡ ಬಿದ್ದಾನ, ಈಕಿ ರೇಶ್ಮಿ ಸೀರಿ ಉಟಗೊಂಡು ಬಂದ್ಲು. ಬರೇ ಜ್ವರ ತಂದ್ಲೋ ಇನ್ನೂ ಏನೇನ ತಂದ್ಲೋ. ಹೊಟ್ಟಿ ಮ್ಯಾಲೆ ಕೈ ಇಟ್ಟಿದ್ದು ನೋಡಿದ್ರೆಲ್ಲೋ?" ಎಂದರು ಮಹಾದೇವಮ್ಮ.

ಗೊತ್ತಿದ್ದೂ ಹೇಳದವಳು ನಾನು. ಯಲ್ಲಮ್ಮನಿಗೆ ಗೊತ್ತೇ ಇರಲಿಲ್ಲ. ಬಿಂದಿಗೆ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಬಂದೆ.

ಜೂನ್ 19, ಬುಧವಾರ

ಬಲಗಡೆ ನ್ಯುಮೋನಿಯಾ. ವೈರಸ್ ಬಾಗಿಲು ಮುರಿದ ಮನೆಗೆ ಬೇರೆ ಜಂತುಗಳು ನುಗ್ಗಿವೆ, ಅವಕ್ಕೆ ಪೆನಿಸಿಲಿನ್ ತಾಗುತ್ತದೆ ಎಂದರು ಡಾಕ್ಟರ್. ಆಸ್ಪತ್ರೆಯಲ್ಲಿ ಮಂಚವಿಲ್ಲ, ಇದ್ದರೂ ಬಸುರಿಯನ್ನು ಅಲ್ಲಿ ಇಡಲಾರೆ ಎಂದರು. ದತ್ತು ದಿನಕ್ಕೆರಡು ಸಲ ಮನೆಗೇ ಬಂದು ಸೂಜಿ ಚುಚ್ಚುತ್ತಾರೆ. ಸೂಜಿ ಕುದಿಸುವುದನ್ನು ಕಲಿತೆ. ಉಸಿರು ಎಣಿಸುವುದನ್ನೂ ಕಲಿತೆ. ನಿಮಿಷಕ್ಕೆ ಮೂವತ್ತೆಂಟು.

ಗಾರ್ಡುಗಳೆಲ್ಲ ಮಲಗಿದ್ದಾರೆಂದು ಭಾವನನ್ನು ಬಲ್ಹಾರಶಾದ ಗಾಡಿಗೆ ಹಾಕಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಯಾರೂ ಈ ಕಡೆ ಬರುತ್ತಿಲ್ಲ.

ಜೂನ್ 21, ಶುಕ್ರವಾರ

ಬೆಳಿಗ್ಗೆ ಉಸಿರು ನಲವತ್ನಾಲ್ಕು. ತುಟಿ ನೇರಳೆ ಬಣ್ಣ. ಹನ್ನೊಂದಕ್ಕೆ ಅಕ್ಕ ನನ್ನ ಮಣಿಕಟ್ಟು ಹಿಡಿದು, "ನೀಲಾ, ನೋವು ಬರಾಕತ್ತಾವ" ಎಂದಳು. ಎರಡು ಸಲ ಕಂಡವಳು, ಅವಳಿಗೆ ಗೊತ್ತಾಗುತ್ತದೆ.

ದವಾಖಾನೆಗೆ ಓಡಿದೆ. ಡಾಕ್ಟರ್ ಮನೆಗೆ ಹೋಗಿದ್ದರು. ಅಲ್ಲಿಗೆ ಓಡಿದೆ. ಊಟಕ್ಕೆ ಕೂತಿದ್ದರು. ಅವರ ಮನೆಯವರು ಬಾಗಿಲಲ್ಲಿ ತಡೆದು ಅರ್ಧ ಗಂಟೆ ಬಿಟ್ಟು ಬರಲು ಹೇಳಿದರು. ಆಗುವುದಿಲ್ಲವೆಂದು ಹೇಳಿ ಒಳಗೆ ಹೋಗಿ, ತಾಟಿನ ಮುಂದಿನಿಂದ ಅವರನ್ನು ಎಬ್ಬಿಸಿಕೊಂಡು ಬಂದೆ. ಟಾಂಗಾದವನು ಅಜನಿಗೆ ಬರುವುದಿಲ್ಲ, ಅಲ್ಲಿ ಬೇಮಾರಿ ಇದೆ ಎಂದ. ಅವನೊಂದಿಗೂ ಸ್ವಲ್ಪ ಮಾತಾಯಿತು. ಬಂದ.

ಡಾಕ್ಟರ್ ನೋವು ತಡೆಯುವ ಚುಚ್ಚುಮದ್ದು ಕೊಟ್ಟರು. "ಸಂಜೆಯೊಳಗೆ ನಿಂತರೆ ನಿಂತಿತು. ಏಳು ತಿಂಗಳ ಮಗು ಈ ಸ್ಥಿತಿಯಲ್ಲಿ ಹೊರಬಂದರೆ ಇಬ್ಬರನ್ನೂ ಉಳಿಸಲಾರೆ" ಎಂದರು. ಹನ್ನೆರಡರಿಂದ ನಾಲ್ಕರವರೆಗೆ ಅಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟು ಕೂತಿದ್ದೆ. ಬಿಗಿಯಾಗುತ್ತಿತ್ತು, ಸಡಿಲಾಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ. ಆಮೇಲೆ ಇಪ್ಪತ್ತು ನಿಮಿಷಕ್ಕೆ. ನಾಲ್ಕಕ್ಕೆ ನಿಂತಿತು. ಅದೇ ಹೊತ್ತಿಗೆ ಮೋಡ ಕವಿದು ಈ ವರ್ಷದ ಮೊದಲ ಮಳೆ ಬಿತ್ತು. ಕಿಟಕಿ ಮುಚ್ಚಲು ಏಳಲೂ ಹೆದರಿದೆ.

ಜೂನ್ 22, ಶನಿವಾರ

ಜ್ವರ ಇಳಿಯುತ್ತಿದೆ. ಭಾವ ಬಂದರು. ಡಾಕ್ಟರ್ ಕಟ್ಟಿಗೆಯ ತುತ್ತೂರಿಯಂಥದ್ದನ್ನು ಹೊಟ್ಟೆಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಇದೆ ಅನಿಸುತ್ತದೆ. ತಾಯಿಯದೇ ನಾಡಿ ಇಷ್ಟು ಜೋರಾಗಿದೆ, ಖಾತ್ರಿ ಹೇಳಲಾರೆ" ಎಂದರು.

ನಿನ್ನೆಯಿಂದ ಅಲುಗಿಲ್ಲ ಎಂದಳು ಅಕ್ಕ.

ಜೂನ್ 23, ಭಾನುವಾರ

ಅಲುಗಿಲ್ಲ.

ಅಕ್ಕ ಮಲಗಿದಾಗ ಈ ಪುಸ್ತಕ ತೆಗೆದೆ. ಯಲ್ಲಮ್ಮನಿಂದಲೇ ಬಂದಿತೆಂದು ಖಚಿತ ಮಾಡಿಕೊಳ್ಳಬೇಕಿತ್ತು. ನನ್ನ ತಪ್ಪು ಎಷ್ಟೆಂದು ಅಳೆಯಬೇಕಿತ್ತು. ಡಾಕ್ಟರ್ ಹೇಳಿದ್ದು ಒಂದು ದಿನ, ಎರಡು, ಬಹಳವೆಂದರೆ ಮೂರು. ಹದಿನಾಲ್ಕರಂದು ಯಲ್ಲಮ್ಮ ಗಟ್ಟಿಮುಟ್ಟಾಗಿದ್ದಳು. ಆಕೆ ಮಲಗಿದ್ದು ಹದಿನೆಂಟಕ್ಕೆ, ಉಳಿದವರೆಲ್ಲ ಮಲಗಿದ ಮೇಲೆ. ಕುಬಸದ ದಿನ ಆಕೆಯೊಳಗೆ ಅದು ಇರಲೇ ಇಲ್ಲ. ಗಂಡ ಆಮ್ಲಾದಿಂದ ಮನೆಗೆ ಬಂದೇ ಇರಲಿಲ್ಲ. ಬಹುಶಃ ಆಮೇಲೆ ದವಾಖಾನೆಯಲ್ಲಿ ಅವನ ಮಂಚದ ಹತ್ತಿರ ಕೂತು ಹಚ್ಚಿಕೊಂಡಳು.

ಹಾಗಾದರೆ ಯಾರು? ಪುಟ ತಿರುವಿದೆ. ಹದಿಮೂರನೆಯ ತಾರೀಖು. ನನ್ನದೇ ಅಕ್ಷರ. ಗಂಟಲು ಕೆರೆಯುತ್ತಿದೆ, ಮೈಯೆಲ್ಲ ನೋವು.

ದಿನಕ್ಕೆ ನೂರು ಜನರ ಬಾಯಿಂದ ಇದೇ ಮಾತು ಕೇಳಿ ಬರೆದುಕೊಂಡವಳು. ನನ್ನ ಬಾಯಿಂದ ಬಂದಾಗ ಧೂಳು ಎಂದು ಬರೆದೆ. ಆಮೇಲೆ ಅಕ್ಕನ ಹಣೆಗೆ ಹಣೆ ಹಚ್ಚಿ ಹರಕೆ ಹೇಳಿದೆ.

ಜೂನ್ 24, ಸೋಮವಾರ

ಇವತ್ತು ನಾವು ಗಾಡಿ ಹತ್ತಬೇಕಿತ್ತು.

ಬೆಳಿಗ್ಗೆ ಯಲ್ಲಮ್ಮನ ಮನೆಗೆ ಹೋದೆ. ಜ್ವರ ಬಿಟ್ಟು ಗೋಡೆಗೆ ಒರಗಿ ಕೂತಿದ್ದಳು, ಅರ್ಧಕ್ಕಿಳಿದಿದ್ದಳು. ಭೀಮಪ್ಪ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದ. "ನಿಮ್ಮಿಂದ ಬಂದಿಲ್ಲ, ನನ್ನಿಂದ ಬಂದೈತಿ" ಎಂದು ತಾರೀಖು ಸಹಿತ ಹೇಳಿದೆ. ಆಕೆ ಎರಡೂ ಅಂಗೈ ಮೇಲೆತ್ತಿ ಹಿಡಿದಳು.

"ಐದು ದಿನ ಆತು ನೀಲಾ. ನನ್ನ ಕೈ ನಾನ ನೋಡಿಕೋತ ಕುಂತೇನಿ. ಖರೇನ ಏನರ ಐತೇನೋ ಇದರಾಗ ಅಂತ." ಆಮೇಲೆ ಒಮ್ಮೆಲೇ ಸಿಟ್ಟಿಗೆದ್ದಳು. "ನನಗೇನ ಹೇಳ್ತಿ? ನನಗ ಹೇಳಿದ್ರ ನಾ ಯಾರಿಗೆ ಹೇಳ್ಲಿ? ಹೋಗು, ನಳದ ಹಂತೇಕ ಹೋಗಿ ಹೇಳು!"

ಹೋದೆ. ಹನ್ನೆರಡು ಬಿಂದಿಗೆ ಸಾಲಾಗಿದ್ದವು. ಹೇಳಿದೆ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದೆ. ಮಹಾದೇವಮ್ಮ, "ನೀ ಸಣ್ಣಾಕಿ, ಆಕಿನ್ನ ಕಾಯಾಕ ಅಂತೀ" ಎಂದರು. ಇಲ್ಲ, ರಿಜಿಸ್ಟರಿನಲ್ಲಿ ತಾರೀಖು ಇವೆ, ಬಂದು ಓದಿ, ನಿಮ್ಮ ಮನೆಯವರದೂ ಇದೆ ಎಂದೆ. ಶಂಕರಪ್ಪನವರಿಗೆ ಹನ್ನೊಂದಕ್ಕೇ ಜ್ವರ ಬಂದಿತ್ತು, ಕುಬಸಕ್ಕೆ ಮೂರು ದಿನ ಮೊದಲು. ಅದನ್ನು ಮಹಾದೇವಮ್ಮ ಯಾರಿಗೂ ಹೇಳಿರಲಿಲ್ಲ. ರಿಜಿಸ್ಟರಿನಲ್ಲಿದ್ದದ್ದು ನನ್ನ ಬಾಯಿಂದ ಹೊರಗೆ ಬರಬಾರದಿತ್ತು, ಬಂದುಬಿಟ್ಟಿತು.

ಸಂಜೆ ಅಕ್ಕನಿಗೆ ಹೇಳಿದೆ. ಎಲ್ಲವನ್ನೂ. ಡಾಕ್ಟರ್ ಹನ್ನೆರಡನೆಯ ತಾರೀಖಿಗೇ ಎಚ್ಚರಿಸಿದ್ದು, ನಾನು ನುಂಗಿಕೊಂಡದ್ದು, ಗಂಟಲು. ಅಕ್ಕ ಹೊಟ್ಟೆಯ ಮೇಲಿಂದ ಕೈ ತೆಗೆಯದೆ ಕೇಳಿದಳು. "ಹನ್ನೆರಡಕ್ಕ ಗೊತ್ತಿತ್ತು" ಎಂದಳು. ಗೋಡೆಯ ಕಡೆ ತಿರುಗಿದಳು.

ಜೂನ್ 25, ಮಂಗಳವಾರ

ಗಂಜಿ ಕುಡಿದಳು. ಔಷಧ ಕುಡಿದಳು. ಮಾತಿಲ್ಲ.

ಅಲುಗಿಲ್ಲ.

ಜೂನ್ 26, ಬುಧವಾರ

ಡಾಕ್ಟರ್ ಮತ್ತೆ ಕೇಳಿದರು. ಪುಪ್ಪುಸ ತಿಳಿಯಾಗುತ್ತಿದೆ. ಹೊಟ್ಟೆಯ ವಿಷಯಕ್ಕೆ ನಾಳೆವರೆಗೆ ನೋಡೋಣ, ದೊಡ್ಡಾಸ್ಪತ್ರೆಯ ಹೆರಿಗೆ ಡಾಕ್ಟರನ್ನು ಕರೆತರುತ್ತೇನೆ ಎಂದರು. ಹೊರಗೆ ಬಂದು ಭಾವನಿಗೆ ಮೆಲ್ಲಗೆ ಬೇರೇನೋ ಹೇಳಿದರು. ಭಾವ ನೀರಿನ ಹೂಜಿಯ ಹತ್ತಿರ ಹೋಗಿ, ಲೋಟ ತುಂಬಿಕೊಂಡು, ಕುಡಿಯದೆ ಹಾಗೇ ನಿಂತಿದ್ದರು.

ಯಲ್ಲಮ್ಮ ಬಂದಳು. ಒಮ್ಮೆ ಬಂದು ಹೋದವರಿಗೆ ಈಗ ಮತ್ತೆ ತಗಲುವುದಿಲ್ಲವಂತೆ, ಡಾಕ್ಟರನ್ನು ಕೇಳಿಯೇ ಒಳಗೆ ಬಿಟ್ಟೆ. ಅಕ್ಕನ ಕೂದಲು ಬಿಡಿಸಿ ಎಣ್ಣೆ ಹಚ್ಚಿದಳು. ಹೊಟ್ಟೆಯ ಕಡೆ ಕೈ ಚಾಚಲಿಲ್ಲ. ಅಕ್ಕ ಆಕೆಯೊಂದಿಗೆ ಮಾತಾಡಿದಳು, ಎರಡೇ ಮಾತು. ಅಡುಗೆಮನೆಯಿಂದ ಕೇಳಿಸಿಕೊಂಡೆ.

ಜೂನ್ 27, ಗುರುವಾರ

ಬೇಗ ಬರೆದಿಡುತ್ತೇನೆ. ಅನ್ನ ಒಲೆಯ ಮೇಲಿದೆ.

ಹೆರಿಗೆ ಡಾಕ್ಟರ್ ಹನ್ನೊಂದಕ್ಕೆ ಬರುವವರಿದ್ದರು. ಹತ್ತರ ಹೊತ್ತಿಗೆ ಮಹಾದೇವಮ್ಮ ಬಂದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಬಟ್ಟಲು, ಸಾರು ತಂದಿದ್ದರು. ನಡುಮನೆಯವರೆಗೆ ಬಂದು ಕೆಮ್ಮಿದರು. ಒಂದಲ್ಲ, ನಾಲ್ಕು ಸಲ.

"ಜ್ವರ ಯಾವಾಗಿಂದ?" ಎಂದೆ.

"ಜ್ವರೆಲ್ಲಿದು, ಬರೇ ಗಂಟಲಾ ತಂಗೆವ್ವಾ. ನಿನ್ನೆ ತಣ್ಣೀರಿನ್ಯಾಗ ಮಿಂದೆ. ಆಕೀನ ಮಾರಿ ನೋಡಿ ಹೋಗ್ತೇನಿ, ಸರಿ ಅತ್ಲಾಗ."

"ಒಳಗ ಹೋಗಬ್ಯಾಡ್ರಿ."

"ಏನಂದಿ?"

ಅಲ್ಲಿಂದ ಮುಂದೆ ನಾನು ಏನೇನು ಅಂದೆನೋ ಸರಿಯಾಗಿ ನೆನಪಿಲ್ಲ. ಅವರು ಒಂದು ಹೆಜ್ಜೆ ಇಟ್ಟರು, ನಾನು ಅಡ್ಡ ನಿಂತೆ. "ಹೊರಗ ನಡೀರಿ ಮಹಾದೇವಮ್ಮಾರ! ಬಟ್ಟಲಾ ಕಟ್ಟೀ ಮ್ಯಾಲೆ ಇಟ್ಟು ನಡೀರಿ! ಹೊಸ್ತಿಲಾ ದಾಟಿದ್ರ ನೋಡ್ರಿ!" ಎಂದದ್ದಿಷ್ಟು ಯಲ್ಲಮ್ಮ ಆಮೇಲೆ ಹೇಳಿದಳು. ಆಕೆ ನಮ್ಮ ಹಿತ್ತಲಲ್ಲಿ ಅಕ್ಕನ ಬಟ್ಟೆ ಒಗೆಯುತ್ತಿದ್ದಳು, ಒಗೆಯುವುದು ಬಿಟ್ಟು ಬಂದಳಂತೆ. ಪಕ್ಕದ ಮನೆಯವರೂ ಹೊರಗೆ ಬಂದಿದ್ದರು. ಅಷ್ಟೇನೂ ಜೋರಾಗಿ ಮಾತಾಡಿದೆನೆಂದು ನನಗೆ ಅನಿಸಲಿಲ್ಲ.

ಮಹಾದೇವಮ್ಮ ಬಟ್ಟಲು ಕಟ್ಟೆಯ ಮೇಲಿಟ್ಟು ಹೊರಟರು. ಅವರು ಗೇಟು ದಾಟುವ ಮೊದಲೇ ಒಳಗಿನಿಂದ ಅಕ್ಕ ಚೀರಿದಳು.

ನೋವು ಮತ್ತೆ ಶುರುವಾಯಿತು ಎಂದುಕೊಂಡೆ. ಮೂರು ಹೆಜ್ಜೆಯ ನಡುಮನೆ, ಮಂಚಕ್ಕೆ ಬಡಿದು ಮೊಣಕಾಲು ಊದಿದೆ, ಆಗ ತಿಳಿಯಲಿಲ್ಲ. ಅಕ್ಕ ಎದ್ದು ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ, ಉಸಿರು ಬಿಗಿಹಿಡಿದಿದ್ದಳು. ಕಣ್ಣು ನನ್ನ ಕಡೆ ಇರಲಿಲ್ಲ, ಎಲ್ಲೂ ಇರಲಿಲ್ಲ.

"ಏನಾತು? ನೋವೇನು?"

ಬೆರಳೆತ್ತಿ ಸುಮ್ಮನಿರು ಎಂದಳು. ಸುಮ್ಮನೆ ನಿಂತೆ. ಯಲ್ಲಮ್ಮ ಒದ್ದೆ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎಷ್ಟು ಹೊತ್ತೋ. ಹೊರಗೆ ಶಂಟಿಂಗ್ ಇಂಜಿನ್ನು ಹೋಗಿ ಬಂದಿತು. ಅಕ್ಕನ ಮುಖ ಮತ್ತೆ ಕಂದತೊಡಗಿತು. ಮೂರು ದಿನದ ಮೇಲೆ ಮೊದಲ ಬಾರಿ ನನ್ನನ್ನು ನೋಡಿದಳು.

"ಮತ್ತೊಮ್ಮೆ ಒದರು" ಎಂದಳು.

"ಏನಂತ?"

"ಏನರ ಅನ್ನು. ಈಗ ಒದರಿದೆಲ್ಲ, ಹಂಗ. ಒದರ ನೀಲಾ!"

ಏನು ಒದರಬೇಕೆಂದು ಹೊಳೆಯಲಿಲ್ಲ. ಕಿಟಕಿಯಲ್ಲಿ ನೋಡಿದೆ. ಮಹಾದೇವಮ್ಮ ಆಗಲೇ ನಾಲ್ಕು ಮನೆ ದಾಟಿ, ಶಾಲು ಸರಿಪಡಿಸಿಕೊಳ್ಳುತ್ತ ಹೋಗುತ್ತಿದ್ದರು.

"ಮಹಾದೇವಮ್ಮಾರ! ಒಳಗ ಬರಬ್ಯಾಡ್ರಿ!" ಎಂದು ಇದ್ದ ಉಸಿರೆಲ್ಲ ಕೂಡಿಸಿ ಕೂಗಿದೆ.

ಅವರು ರಸ್ತೆಯ ನಡುವೆ ತಿರುಗಿ ನಿಂತರು. "ಹೊಂಟೇನಿ ತಗೊಳ ಮಾರಾಯ್ತಿ! ಇನ್ನೆಷ್ಟು ಹೊರಗ ಹೋಗ್ಲಿ?"

ಅಕ್ಕ ನನ್ನ ಕೈ ಎಳೆದು ಹೊಟ್ಟೆಯ ಎಡಗಡೆ ಒತ್ತಿ ಹಿಡಿದಳು. ಅಂಗೈಗೆ ಒಳಗಿನಿಂದ ಬಡಿಯಿತು. ಒಮ್ಮೆ. ತಡೆದು, ಇನ್ನೊಮ್ಮೆ.